ಹೊಳೆಮುಗಳಿಯ ಹನ್ನೊಂದು ನಿಮಿಷ

ಫೋನಿನ ಆ ಕಡೆಯಿಂದ ‘ಹ್ಞೂಂ’ ಬರದೆ ಹೋದರೆ ನಮ್ಮ ಜನಕ್ಕೆ ಮಾತು ಮುಂದೆ ಸಾಗುವುದಿಲ್ಲ. ಸ್ವಲ್ಪ ಕಾಯುತ್ತಾರೆ, ‘ಹಲೋ, ಹಲೋ’ ಎನ್ನುತ್ತಾರೆ, ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡುತ್ತಾರೆ, ಮತ್ತೆ ನಂಬರು ಒತ್ತುತ್ತಾರೆ. ಇಷ್ಟು ಸಣ್ಣ ಅಭ್ಯಾಸವನ್ನು ಹಿಡಿದುಕೊಂಡು ಒಬ್ಬ ಹೆಂಗಸು ಆರು ವರ್ಷ ಲೆಕ್ಕ ಮಾಡುತ್ತ ಕೂತಳು ಎಂದರೆ ನಿಮಗೆ ನಗು ಬರಬಹುದು. ಅನಸೂಯಾ ಕಟಗೇರಿಯ ಗಂಡ ಶಿವಯೋಗಿಗೂ ಮೊದಲು ನಗು ಬಂದಿತ್ತು. ಅವನು ಸರ್ಕಾರಿ ಶಾಲೆಯ ಮಾಸ್ತರ. ಸಂಬಳ ಕೊಟ್ಟು ಹ್ಞೂಂ ಎಣಿಸುವ ಕೆಲಸವೂ ಉಂಟೇ ಎಂದು ಹೆಂಡತಿಯನ್ನು ಕಾಡುತ್ತಿದ್ದ.

ಅನಸೂಯಾಳ ಕೆಲಸ ಧಾರವಾಡದ ಒಂದು ಸಂಪರ್ಕ ಜಾಲ ಕೇಂದ್ರದಲ್ಲಿ. ಮಲಪ್ರಭೆಯ ದಂಡೆಯ ನಾಲ್ಕುನೂರು ಹಳ್ಳಿಗಳ ಫೋನು, ಸಂದೇಶ, ಆಸ್ಪತ್ರೆಯ ಯಂತ್ರಗಳ ವರದಿ, ಅಣೆಕಟ್ಟಿನ ಮಾಪಕಗಳ ಲೆಕ್ಕ ಎಲ್ಲವೂ ಆ ಜಾಲದಲ್ಲೇ ಹರಿಯುತ್ತಿದ್ದವು. ತಂತಿ ಕಡಿದರೆ ಜೋಡಿಸುವವರು ಬೇರೆ ಇದ್ದರು. ಜಾಲದಲ್ಲಿ ದಟ್ಟಣೆ ಎಲ್ಲಿ, ಯಾವಾಗ, ಎಷ್ಟು ಆಗಬಹುದು ಎಂಬುದನ್ನು ಅದು ಆಗುವ ಮೊದಲೇ ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವುದು ಇವಳ ಪಾಲಿನ ಕೆಲಸ. ಆ ಕಟ್ಟುವಿಕೆಗೆ ಅವರು ಮಾದರಿ ಎನ್ನುತ್ತಿದ್ದರು.

ಜಾಲದೊಳಗೆ ಹೊಕ್ಕ ಮಾತು ಮಾತಾಗಿ ಉಳಿಯುವುದಿಲ್ಲ. ಸೆಕೆಂಡಿಗೆ ಐವತ್ತು ತುಂಡಾಗಿ, ಒಂದೊಂದು ತುಂಡೂ ತನ್ನ ಸಂಖ್ಯೆ ಮತ್ತು ವಿಳಾಸ ಹೊತ್ತ ಒಂದೊಂದು ಪ್ಯಾಕೆಟ್ಟಾಗಿ ಹೊರಡುತ್ತದೆ. ದಾರಿಯ ಪ್ರತಿ ಕವಲಿನಲ್ಲೂ ಸರದಿ ನಿಲ್ಲಬೇಕು. ಸರದಿ ತುಂಬಿದ್ದರೆ ಹೊಸದಾಗಿ ಬಂದ ಪ್ಯಾಕೆಟ್ಟನ್ನು ಯಂತ್ರ ಅಲ್ಲೇ ಚೆಲ್ಲಿಬಿಡುತ್ತದೆ. ಚೆಲ್ಲಿಹೋದದ್ದು ಸಂದೇಶವಾದರೆ ಯಂತ್ರ ಮತ್ತೆ ಕಳಿಸುತ್ತದೆ. ಮಾತಾದರೆ ಮನುಷ್ಯ ಮತ್ತೆ ನಂಬರು ಒತ್ತುತ್ತಾನೆ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಇಟ್ಟವರೆಲ್ಲ, ಸರದಿ ಬರಲಿಲ್ಲವೆಂದು ಮನೆಗೆ ಹೋಗಿ ಇನ್ನೊಂದು ಡಬ್ಬಿ ತಂದಿಟ್ಟರೆ ಹೇಗಿರುತ್ತದೆ ಯೋಚಿಸಿ. ಗಿರಣಿ ತಿರುಗುತ್ತಲೇ ಇರುತ್ತದೆ, ಯಾರ ಮನೆಗೂ ಹಿಟ್ಟು ಹೋಗುವುದಿಲ್ಲ.

ಹಿಂದಿನ ಮಹಾಪೂರದಲ್ಲಿ ಆದದ್ದೂ ಅದೇ. ದೋಣಿಯವರಿಗೆ ಹೋಗಬೇಕಾದ ಸಂದೇಶಗಳು ಐವತ್ತು ನಿಮಿಷ ತಡವಾಗಿ ತಲುಪಿ, ಇಪ್ಪತ್ತಾರು ಜನ ಮಾಳಿಗೆಗಳ ಮೇಲೆ ಕಾಯುತ್ತಲೇ ಪ್ರಾಣ ಬಿಟ್ಟರು. ಅನಸೂಯಾ ಆ ದಿನದ ದಾಖಲೆಯನ್ನೆಲ್ಲ ತಿರುವಿಹಾಕಿದಳು. ಜಾಲವನ್ನು ಕಟ್ಟಿಹಾಕಿದ ಪ್ರತಿ ನೂರು ಕರೆಗಳಲ್ಲಿ ಎಪ್ಪತ್ತು, ಒಮ್ಮೆ ಮಾತಾಡಿ ಮುಗಿಸಿದವರ ಮರುಕರೆಗಳು. ಹೇಳಲು ಹೊಸದೇನೂ ಇರದವರು, ಆ ಕಡೆ ಜೀವ ಇದೆ ಎಂದು ತಿಳಿಯಲು, ಒಂದು ಹ್ಞೂಂ ಕೇಳಲು ಮತ್ತೆ ಮತ್ತೆ ನಂಬರು ಒತ್ತಿದ್ದರು.

ಆ ಹ್ಞೂಂ ಅನ್ನು ಹತ್ತಿರದ ಟವರೇ ಕೊಟ್ಟುಬಿಟ್ಟರೆ?

ಉಪಾಯ ಹೊಳೆದದ್ದು ಕೇಂದ್ರದಲ್ಲಲ್ಲ, ಮನೆಯಲ್ಲಿ. ಅನಸೂಯಾಳ ಅತ್ತೆ ಗುರುಸಿದ್ದವ್ವನಿಗೆ ಅರವತ್ತೆಂಟು. ಕಾಲಿನ ಕೀಲು ಹಿಡಿದಿದ್ದರೂ ಬಾಯಿ ಹಿಡಿದಿರಲಿಲ್ಲ. ಅವಳ ತಂಗಿ ಕಾಶವ್ವ ಹೊಳೆಮುಗಳಿಯಲ್ಲಿದ್ದಳು. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದರಲ್ಲಿ ಆ ಸೀಮೆಗೇ ಹೆಸರಾದವಳು. ಮಗಳ ಮದುವೆಗೆ ಕಾಶವ್ವನ ಕೌದಿಯೇ ಬೇಕೆಂದು ಜನ ಮೂರು ತಿಂಗಳು ಮೊದಲೇ ಸೀರೆ ತಂದು ಕೊಟ್ಟು ಹೋಗುತ್ತಿದ್ದರು. ದಿನವೂ ಮಧ್ಯಾಹ್ನ ಮೂರೂವರೆಗೆ ಅಕ್ಕ ತಂಗಿಗೆ ಫೋನು ಮಾಡುತ್ತಿದ್ದಳು, ತಂಗಿ ಫೋನನ್ನು ಗೋಡೆಯ ಮಾಡದಲ್ಲಿಟ್ಟು ಹೊಲಿಯುತ್ತ ಕೂಡುತ್ತಿದ್ದಳು. ಅಕ್ಕ ತಮ್ಮ ತಾಯಿ ಹೇಳುತ್ತಿದ್ದ ಕಥೆಗಳಲ್ಲಿ ಒಂದನ್ನು ತೆಗೆಯುವಳು. ತುಟಿಯಲ್ಲಿ ದಾರ ಕಚ್ಚಿಕೊಂಡ ತಂಗಿ ಮಾತಾಡಲಾಗದೆ ಹ್ಞೂಂ ಎನ್ನುವಳು. ಕಥೆ ಮುಕ್ಕಾಲು ಗಂಟೆ ನಡೆದರೆ ಹ್ಞೂಂ ಕೂಡ ಮುಕ್ಕಾಲು ಗಂಟೆ ನಡೆಯುತ್ತಿತ್ತು. ಸೊಸೆ ರಜೆಯ ದಿನ ಪಕ್ಕದಲ್ಲಿ ಕೂತು ಇದನ್ನು ನೋಡಿದ್ದಳು. ಹ್ಞೂಂ ತಪ್ಪಿದರೆ ಅತ್ತೆ ಗಾಬರಿಯಾಗಿ ಮತ್ತೆ ನಂಬರು ಒತ್ತುತ್ತಿದ್ದಳು, ಬರುತ್ತಿದ್ದರೆ ಹೊರಗೆ ಗುಡುಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಹೀಗೆ ಹುಟ್ಟಿದ ಯಂತ್ರಕ್ಕೆ ಕಡತದಲ್ಲಿ ‘ಸ್ಥಳೀಯ ಸ್ವೀಕೃತಿ ವ್ಯವಸ್ಥೆ’ ಎಂದು ಹೆಸರು. ಕೇಂದ್ರದ ಹುಡುಗಿಯರು ಅದನ್ನು ಹೂಂಗಾರ ಎಂದು ಕರೆದರು, ಅದೇ ಉಳಿಯಿತು. ಜಾಲ ತುಂಬಿದಾಗ ಹೂಂಗಾರ ನಡುವೆ ಬಂದು ಕೂಡುತ್ತಿತ್ತು. ನಿಮ್ಮ ಮಾತನ್ನು ಟವರಿನಲ್ಲೇ ಕೂಡಿಟ್ಟು, ದಾರಿ ತೆರವಾದ ಹಾಗೆ ಮುಂದೆ ಸಾಗಿಸುತ್ತಿತ್ತು. ಅಷ್ಟು ಹೊತ್ತು ನೀವು ಬೇಸರಪಟ್ಟು ಫೋನು ಇಡದ ಹಾಗೆ, ಆ ಕಡೆಯವರ ದನಿಯಲ್ಲೇ, ನಿಮ್ಮ ಸ್ವರ ಇಳಿಯುವ ಜಾಗ ನೋಡಿ, ಹ್ಞೂಂ ಎನ್ನುತ್ತಿತ್ತು. ಪ್ರತಿಯೊಬ್ಬರ ಹ್ಞೂಂ ಅನ್ನು ಅದು ಅವರ ಹಳೆಯ ಕರೆಗಳಿಂದ ಕಲಿತಿತ್ತು. ಫೋನು ಕೊಳ್ಳುವಾಗ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಈ ವಿಷಯ ಬರೆದಿತ್ತು, ಯಾರೂ ಓದಿರಲಿಲ್ಲ.

ಸುಳ್ಳು ಬೆಳೆಯಬಾರದೆಂದು ಅನಸೂಯಾ ಒಂದು ಬೇಲಿಯನ್ನೂ ಹಾಕಿದ್ದಳು. ಮಾತಾಡುವವರು ಉತ್ತರಕ್ಕಾಗಿ ನಾಲ್ಕು ಸೆಕೆಂಡು ಸುಮ್ಮನೆ ಕಾದರೆ ಹೂಂಗಾರ ಹಿಂದೆ ಸರಿದು, ‘ಸಂಪರ್ಕ ಕಡಿದಿದೆ, ನಿಮ್ಮ ಮಾತು ತಡವಾಗಿ ತಲುಪುತ್ತದೆ’ ಎಂದು ಹೇಳಬೇಕು. ಯಾರೇ ಆಗಲಿ ಎಷ್ಟು ಹೊತ್ತು ಉತ್ತರ ಬಯಸದೆ ಮಾತಾಡುತ್ತಾರೆ? ನಲವತ್ತು ಲಕ್ಷ ಕರೆಗಳನ್ನು ಅಳೆದಾಗ ಸರಾಸರಿ ಒಂಬತ್ತು ಸೆಕೆಂಡು ಬಂತು. ಹೆಚ್ಚೆಂದರೆ ಒಂದೂವರೆ ನಿಮಿಷ. ಅಲ್ಲಿಗೆ ಮೋಸದ ಆಯುಷ್ಯವೂ ಒಂದೂವರೆ ನಿಮಿಷವಷ್ಟೇ ಎಂದು ಅವಳು ಸಮಾಧಾನಪಟ್ಟುಕೊಂಡಳು.

ನಿಜ ಹೇಳಬೇಕೆಂದರೆ ಆ ಲೆಕ್ಕದಲ್ಲಿ ಇನ್ನೂರ ಹನ್ನೆರಡು ಕರೆಗಳು ಹೊರಗೆ ಬಿದ್ದಿದ್ದವು. ಒಬ್ಬರೇ ಅರ್ಧ ಗಂಟೆ, ಮುಕ್ಕಾಲು ಗಂಟೆ ಮಾತಾಡಿದ ಕರೆಗಳು. ನಕ್ಷೆಯ ಗೆರೆ ಅವುಗಳಿಂದ ಬಲಕ್ಕೆ ಉದ್ದನೆಯ ಬಾಲದಂತೆ ಎಳೆದುಕೊಂಡು ಅಸಹ್ಯವಾಗಿ ಕಾಣುತ್ತಿತ್ತು. ಅವುಗಳಲ್ಲಿ ನೂರ ಎಪ್ಪತ್ತು ಕರೆಗಳ ನಂಬರು ಅವಳ ಸ್ವಂತ ಮನೆಯದು. ನಮ್ಮ ಅತ್ತೆ ಜಾಲಕ್ಕೇ ಸವಾಲು ಎಂದು ಅನಸೂಯಾ ನಗುನಗುತ್ತ ಎಲ್ಲರಿಗೂ ತೋರಿಸಿದಳು. ಲೋಕದಲ್ಲಿ ಹೀಗೆ ಮಾತಾಡುವವರು ನಮ್ಮ ಮನೆಯವರೊಬ್ಬರೇ ಎಂದು ಆ ಇನ್ನೂರ ಹನ್ನೆರಡನ್ನೂ ಅಳಿಸಿಹಾಕಿದಳು. ಗೆರೆ ನೆಟ್ಟಗಾಯಿತು. ಜಾಲ ಕುಸಿಯುವುದು ಸರಾಸರಿಯಿಂದಲ್ಲ, ಆ ಬಾಲದಿಂದ ಎಂದು ಕಿರಿಯರಿಗೆ ಪಾಠ ಹೇಳುತ್ತಿದ್ದವಳು ಅವಳೇ. ಮನೆಯ ಸಂಗತಿಯಾದ್ದರಿಂದ ಅದು ಅವಳಿಗೆ ಲೆಕ್ಕದ ಸಂಗತಿಯಾಗಿ ಕಾಣಲಿಲ್ಲ.

ಆಗಸ್ಟ್ ತಿಂಗಳ ಒಂದು ಗುರುವಾರ ಮಧ್ಯಾಹ್ನ ಅಣೆಕಟ್ಟಿನಿಂದ ಒಮ್ಮೆಗೇ ನೀರು ಬಿಟ್ಟರು. ಮೂರು ಗಂಟೆಗೆ ಹೊಳೆಸಾಲಿನ ಹಳ್ಳಿಗಳಲ್ಲಿ ಕರೆಗಳು ಎಂದಿನ ಹತ್ತೊಂಬತ್ತು ಪಟ್ಟಾದವು. ಕೇಂದ್ರದ ದೊಡ್ಡ ಪರದೆಯ ಮೇಲೆ ಸರದಿಗಳ ಹಸಿರು ಪಟ್ಟಿಗಳು ಒಂದಾದ ಮೇಲೊಂದು ಕೆಂಪಾಗುತ್ತಿದ್ದವು. ಕೇಂದ್ರದ ಮುಖ್ಯಸ್ಥ ಇನಾಮದಾರರು ಅನಸೂಯಾಳ ಹಿಂದೆ ಬಂದು ನಿಂತು, ಇನ್ನು ಯಾವುದಕ್ಕೆ ಕಾಯುವುದು ಎಂದು ಕೇಳಿದರು. ಮೂರು ನಲವತ್ತಕ್ಕೆ ಅವಳು ನಲವತ್ತಾರು ಹಳ್ಳಿಗಳ ಕರೆಗಳಿಗೆ, ಎರಡೂ ತುದಿಯ ಟವರುಗಳಲ್ಲಿ, ಹೂಂಗಾರವನ್ನು ಬಿಟ್ಟಳು.

ಏಳು ನಿಮಿಷದೊಳಗೆ ಮರುಕರೆಗಳು ಇಳಿದವು. ದೋಣಿಗಳ ಸಂದೇಶಗಳು ಎರಡು ಸೆಕೆಂಡಿನಲ್ಲಿ ತಲುಪತೊಡಗಿದವು. ಯಾರೋ ಚಪ್ಪಾಳೆ ತಟ್ಟಿದರು. ಇನಾಮದಾರರಿಗೆ ಕಣ್ಣು ತುಂಬಿ ಬಂದು ಕನ್ನಡಕ ತೆಗೆದು ಒರೆಸಿಕೊಂಡರು. ಅನಸೂಯಾಗೆ ಅಂದಿನ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಆ ಹೊತ್ತಿಗೆ ಅದು ನಿಜವಾದ ಸಂತೋಷವೇ ಆಗಿತ್ತು.

ಮನೆಯಲ್ಲಿ ಗುರುಸಿದ್ದವ್ವ ಮೂರೂವರೆಗೇ ತಂಗಿಗೆ ಫೋನು ಹಚ್ಚಿದ್ದಳು. ಕಾಶವ್ವ ಎರಡು ಆಡುಮರಿಗಳನ್ನೂ ಅರ್ಧ ಹೊಲಿದ ಕೌದಿಯನ್ನೂ ಎತ್ತಿಕೊಂಡು ಅಟ್ಟ ಹತ್ತಿ ಕೂತಿದ್ದಳು. ಪಡಸಾಲೆಯಲ್ಲಿ ಮೊಣಕಾಲುದ್ದ ನೀರು. ಶಿವಯೋಗಿಯನ್ನು ಸರ್ಕಾರ ತಾಲೂಕಿನ ಪರಿಹಾರ ಕೇಂದ್ರಕ್ಕೆ ಹಾಕಿತ್ತು, ದೋಣಿಗಳನ್ನು ಯಾವ ಓಣಿಗೆ ಕಳಿಸಬೇಕೆಂದು ಹೇಳುವ ಮೇಜು ಅವನದು. ಚಿಗವ್ವನ ಮನೆಗೆ ದೋಣಿ ಬರುತ್ತದೆ, ಅಂಜಬೇಡ ಎಂದು ಅವನು ಹೇಳಿ ಕಳಿಸಿದ್ದ. ಆದರೂ ಕಾಶವ್ವನ ದನಿ ನಡುಗುತ್ತಿತ್ತು. ಮದುವೆಯಾಗಿ ಹೋಗುವತನಕ ಅಕ್ಕನ ಸೆರಗು ಬಿಡದೆ ಬೆಳೆದವಳು ಅವಳು. ದೋಣಿ ಬರುವತನಕ ಮನಸ್ಸು ಬೇರೆ ಕಡೆ ಇರಲಿ ಎಂದು ಗುರುಸಿದ್ದವ್ವ ಕಥೆ ತೆಗೆದಳು. ಹೆಸರು ಮರೆತ ಸಾವುಕಾರನ ಮಗಳ ಕಥೆ. ಆ ಹುಡುಗಿ ನನ್ನ ಹೆಸರೇನು ಎಂದು ಇರುವೆಯನ್ನು ಕೇಳುತ್ತಾಳೆ, ಬಾವಿಯನ್ನು ಕೇಳುತ್ತಾಳೆ, ಕಾಗೆಯನ್ನು ಕೇಳುತ್ತಾಳೆ. ಹೀಗೆ ಕೇಳುತ್ತ ಹೋದ ಹಾಗೆ ಬೇಕಾದಷ್ಟು ಉದ್ದವಾಗುವ ಕಥೆ. ತಂಗಿ ಹ್ಞೂಂ ಎನ್ನತೊಡಗಿದಳು.

ನಾಲ್ಕು ಗಂಟೆ ಎರಡು ನಿಮಿಷಕ್ಕೆ ಹೊಳೆಮುಗಳಿಯಿಂದ ತಾಲೂಕಿಗೆ ಬರುವ ತಂತಿ ಸೇತುವೆಯ ಜೊತೆ ಕೊಚ್ಚಿಹೋಯಿತು. ಕೇಂದ್ರದ ಪರದೆಯ ಮೇಲೆ ಒಂದು ಚುಕ್ಕೆ ಬೂದಿಬಣ್ಣಕ್ಕೆ ತಿರುಗಿತು. ಆ ಹೊತ್ತಿಗೆ ಅಂಥ ಬೂದಿ ಚುಕ್ಕೆಗಳು ಎಂಟು ಇದ್ದವು. ಧಾರವಾಡದ ಮನೆಯಲ್ಲಿ ಹ್ಞೂಂ ನಿಲ್ಲಲಿಲ್ಲ. ಗುರುಸಿದ್ದವ್ವ ಉತ್ತರಕ್ಕಾಗಿ ನಾಲ್ಕು ಸೆಕೆಂಡು ಎಲ್ಲೂ ಕಾಯಲಿಲ್ಲ, ಕಥೆ ಹೇಳುವವರು ಯಾಕೆ ಕಾಯುತ್ತಾರೆ? ದನಿ ಇಳಿದಲ್ಲೆಲ್ಲ ತಂಗಿಯ ದನಿ ಹ್ಞೂಂ ಎಂದಿತು.

ನಾಲ್ಕು ಹತ್ತಕ್ಕೆ ಶಿವಯೋಗಿ ಪಕ್ಕದ ಮನೆಯವರ ಫೋನಿಗೆ ಕರೆ ಮಾಡಿ ತಾಯಿಯನ್ನು ಕೇಳಿದ. ದೋಣಿ ಒಂದೇ ಇದೆ, ಶಾಲೆಯ ಮಾಳಿಗೆಯ ಮೇಲೆ ಹಸುಗೂಸಿನ ತಾಯಂದಿರು ನಿಂತಿದ್ದಾರೆ, ಚಿಗವ್ವ ಹೇಗಿದ್ದಾಳೆ? ಗುರುಸಿದ್ದವ್ವ ಒಂದು ಕಿವಿಯಲ್ಲಿ ಮಗನನ್ನೂ ಇನ್ನೊಂದರಲ್ಲಿ ತಂಗಿಯನ್ನೂ ಇಟ್ಟುಕೊಂಡು, ಅವನು ಮಾತಾಡುವಾಗಲೂ ಕಥೆ ನಿಲ್ಲಿಸದೆ, ನಡುವೆಯೇ ಅವನಿಗೆ ಹೇಳಿದಳು.

“ಆಕಿ ಕಥಿ ಕೇಳಾಕತ್ತಾಳಪಾ, ಆರಾಮ ಅದಾಳ. ಕೂಸಿನ ತಾಯಂದ್ರನ್ನ ಮೊದ್ಲ ಕರಕೊಂಡ ಬರ್ರಿ.”

ಕಥೆ ನಾಲ್ಕು ಐವತ್ತೊಂದಕ್ಕೆ ಮುಗಿಯಿತು. ಹೇಗಿತ್ತು ಎಂದು ಗುರುಸಿದ್ದವ್ವ ಕೇಳಿ ಸುಮ್ಮನಾದಾಗ, ಸಂಪರ್ಕ ಕಡಿದಿದೆ ಎಂದು ಯಂತ್ರ ಹೇಳಿತು. ಈಗ ಕಡಿಯಿತು ಎಂದು ಅವಳು ತಿಳಿದಳು. ಐದೂ ಇಪ್ಪತ್ತಕ್ಕೆ ದೋಣಿ ಕಾಶವ್ವನ ಓಣಿಗೆ ಹೋದಾಗ ಮನೆ ಇದ್ದ ಜಾಗದಲ್ಲಿ ಒಂದು ತೊಲೆ ನಿಂತಿತ್ತು. ಶನಿವಾರ ಹೆಣ ಸಿಕ್ಕಿತು. ಕೌದಿ ಮೈಗೆ ಸುತ್ತಿಕೊಂಡೇ ಇತ್ತು.

ಗುರುಸಿದ್ದವ್ವ ಅಳಲಿಲ್ಲ. ಅತ್ತಿದ್ದರೆ ಮನೆಯವರಿಗೆ ಧೈರ್ಯ ಬರುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಅವಳು ಬಾಗಿಲ ಕಡೆ ಬೆನ್ನು ಮಾಡಿ ಕೂತುಬಿಟ್ಟಳು. ರೊಟ್ಟಿ ಕೊಟ್ಟರೆ ಅರ್ಧ ಮುರಿದು ಹಾಗೇ ಇಡುತ್ತಿದ್ದಳು. ನಾಲ್ಕು ಐವತ್ತೊಂದರತನಕ ಆಕೆಗೆ ಜೀವ ಇತ್ತು, ನಾನು ಕಿವಿಯಾರೆ ಕೇಳಿದೆ, ನಾಲ್ಕು ಹತ್ತಕ್ಕೆ ಬರಬೇಕಾದ ದೋಣಿಯನ್ನು ನಾನೇ ತಿರುಗಿಸಿದೆ ಎಂಬ ಒಂದೇ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಉಳಿದ ನಲವತ್ತು ನಿಮಿಷದಲ್ಲಿ ದೋಣಿ ಎರಡು ಸಲ ಹೋಗಿ ಬರಬಹುದಿತ್ತು ಎಂದು ಅವಳು ಬೆರಳು ಮಡಿಸಿ ಎಣಿಸುತ್ತಿದ್ದಳು. ಅವಳಿಗಿದ್ದ ಸಮಾಧಾನ ಒಂದೇ. ಕಾಶಿ ಕಥೆಯನ್ನು ಪೂರ್ತಿ ಕೇಳಿದಳು, ಅಂಜಿಕೆಯಲ್ಲಿ ಹೋಗಲಿಲ್ಲ.

ಅನಸೂಯಾಗೆ ಆ ದಿನಗಳಲ್ಲೇ ಅನುಮಾನ ಬಂದಿತ್ತು. ತಂತಿ ಕಡಿದ ಹೊತ್ತು ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಅದನ್ನು ತೆಗೆದು ನೋಡುವುದಕ್ಕೂ ನಡುವೆ ಅವಳು ಹದಿನೈದು ದಿನ ಕಳೆದಳು.

ನೀರು ಇಳಿದ ಮೇಲೆ ಹೊಳೆಮುಗಳಿಯ ಟವರಿನ ಪೆಟ್ಟಿಗೆಯನ್ನು ಕೇಂದ್ರಕ್ಕೆ ತಂದರು. ಟವರು ದಿಬ್ಬದ ಮೇಲಿತ್ತಾದ್ದರಿಂದ ಮುಳುಗಿರಲಿಲ್ಲ. ತಂತಿ ಕಡಿದ ಮೇಲೂ ಅದು ಬ್ಯಾಟರಿಯ ಮೇಲೆ ಬದುಕಿತ್ತು. ಬ್ಯಾಟರಿ ಉಳಿಸಲು ಆ ಕಡೆಯ ಹೂಂಗಾರ ತಾನಾಗಿ ಆರಿಹೋಗಿ, ಊರಿನವರು ಆಡಿದ್ದನ್ನು ಕೂಡಿಡುವುದಷ್ಟನ್ನೇ ಮಾಡಿತ್ತು. ಸಹೋದ್ಯೋಗಿ ಝರೀನಾ ಮುಲ್ಲಾ ಪೆಟ್ಟಿಗೆ ಬಿಚ್ಚಿ, ಸಾಗದೆ ಉಳಿದ ಮಾತುಗಳ ಪಟ್ಟಿಯನ್ನು ಪರದೆಗೆ ತಂದಳು. ನಂಬರು ನೋಡಿ ಅವಳು ಹೊರಗೆ ಎದ್ದು ಹೋದಳು. ಅನಸೂಯಾ ಕಿವಿಗೆ ಹಚ್ಚಿಕೊಂಡು ಒಬ್ಬಳೇ ಕೇಳಿದಳು.

ಕಾಶವ್ವನ ಮಾತು ಹನ್ನೊಂದು ನಿಮಿಷ ಇತ್ತು. ನಾಲ್ಕು ಗಂಟೆ ಎರಡರಿಂದ ನಾಲ್ಕು ಹದಿಮೂರರವರೆಗೆ. ನಾಲ್ಕು ಮೂರಕ್ಕೆ ಅವಳು ಗೋಡೆ ಬಿರುಕು ಬಿಟ್ಟ ಸಂಗತಿ ಹೇಳಿದ್ದಳು. ಆ ಮಾತು ತಲುಪಿದ್ದರೆ, ಅಥವಾ ಧಾರವಾಡದಲ್ಲಿ ಸುಮ್ಮನೆ ಲೈನು ಸತ್ತಿದ್ದರೂ, ಅತ್ತೆ ಆ ಕ್ಷಣವೇ ಮಗನಿಗೆ ಹೇಳುತ್ತಿದ್ದಳು. ದೋಣಿ ಆಗ ಆರು ನಿಮಿಷದ ದಾರಿಯಷ್ಟು ದೂರದಲ್ಲಿತ್ತು. ನಾಲ್ಕು ಹತ್ತಕ್ಕೆ ಶಿವಯೋಗಿ ಕೇಳಿದಾಗ ದೋಣಿ ತಿರುಗಿಸದಿದ್ದರೂ ಅದು ಹೋಗಿ ಮುಟ್ಟುತ್ತಿದ್ದದ್ದು ನಾಲ್ಕು ಹದಿಮೂರಕ್ಕೆ ಗೋಡೆ ಬಿದ್ದ ಮೇಲೆಯೇ. ಅನಸೂಯಾ ಕಾಗದದ ಮೇಲೆ ಮೂರು ಸಲ ಬರೆದು ನೋಡಿದಳು. ಅತ್ತೆಯ ಮಾತಿನಿಂದ ಕಾಶವ್ವ ಸತ್ತಿರಲಿಲ್ಲ.

ಆ ಸಂಜೆ ಅವಳು ಶಿವಯೋಗಿಗೆ ಎಲ್ಲವನ್ನೂ ಹೇಳಿದಳು. ಅವ್ವನಿಗೆ ಹೇಳಬೇಡ ಎಂದ. ಕಥೆ ಪೂರ್ತಿ ಕೇಳಿದಳು ಎಂಬುದೊಂದೇ ಅವಳಿಗೆ ಉಳಿದಿದೆ, ಅದನ್ನೂ ಕಸಿದುಕೊಂಡರೆ ಏನು ಕೊಡುತ್ತೀ ಎಂದು ಕೇಳಿದ. ಹೇಳದಿದ್ದರೆ, ತಂಗಿಯನ್ನು ನಾನೇ ಕೊಂದೆ ಎಂದುಕೊಂಡೇ ಅತ್ತೆ ಸತ್ತುಹೋಗುತ್ತಾರೆ ಎಂದಳು ಅನಸೂಯಾ. ಅವನಿಗೆ ಹೆಂಡತಿಯ ಮೇಲೆ ಸಿಟ್ಟು ಬಂದಿತ್ತು. ಎದ್ದು ಹೋಗಿ ಶಾಲೆಯ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡ, ಒಂದನ್ನೂ ತಿದ್ದಲಿಲ್ಲ.

ಇನ್ನೂ ಎಂಟು ದಿನ ಅನಸೂಯಾ ಬಾಯಿ ಕಟ್ಟಿಕೊಂಡು ಇದ್ದಳು. ನಾವು ಅವಳನ್ನು ಹಳಿಯುವುದು ಸುಲಭ. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ ಎಂಬುದು ಅರ್ಧ ನಿಜ. ಇನ್ನರ್ಧ, ಗಂಡ ಹೇಳಿದ್ದರಲ್ಲಿ ತಪ್ಪು ಕಾಣದೆ ಹೋದದ್ದು. ಸುಳ್ಳು ಹ್ಞೂಂ ಅತ್ತೆಯ ತಲೆಯ ಮೇಲೆ ತಂಗಿಯ ಸಾವನ್ನು ಹೊರಿಸಿತ್ತು. ಅದೇ ಸುಳ್ಳು ಹ್ಞೂಂ ಅವಳಿಗೆ ತಂಗಿಯ ನೆಮ್ಮದಿಯ ಸಾವನ್ನೂ ಕೊಟ್ಟಿತ್ತು. ಒಂದನ್ನು ಕಿತ್ತರೆ ಇನ್ನೊಂದೂ ಕಿತ್ತು ಬರುತ್ತಿತ್ತು.

ಒಂಬತ್ತನೆಯ ದಿನ ಭಾನುವಾರ. ಮೂರೂವರೆ ಆಗಿತ್ತು. ಗುರುಸಿದ್ದವ್ವ ಅಭ್ಯಾಸ ಬಲದಿಂದ ಫೋನು ಕೈಗೆತ್ತಿಕೊಂಡು, ನೆನಪಾಗಿ, ಸೆರಗಿನಿಂದ ಅದರ ಧೂಳು ಒರೆಸಿ ಕೆಳಗಿಟ್ಟಳು. ಅನಸೂಯಾಗೆ ಇನ್ನು ತಡೆಯಲಾಗಲಿಲ್ಲ. ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತು, ಯಂತ್ರವನ್ನು ಮಾಡಿದ್ದು, ಮಾಡಿದ ಕಾರಣ, ಇನ್ನೂರ ಹನ್ನೆರಡು ಕರೆಗಳನ್ನು ಅಳಿಸಿದ್ದು, ತಂತಿ ಕಡಿದದ್ದು, ಗೋಡೆ ಬಿದ್ದ ಹೊತ್ತು, ಕಾಶವ್ವನ ಕೊನೆಯ ಮಾತನ್ನು ತನ್ನ ಫೋನಿಗೆ ಇಳಿಸಿಕೊಂಡದ್ದು, ಎಲ್ಲವನ್ನೂ ಹೇಳಿದಳು. ತನಗೆ ಅನುಕೂಲವಾಗುವ ಹಾಗೆ ಒಂದು ಮಾತನ್ನೂ ತಿರುಚಲಿಲ್ಲ. ಆ ದಿನ ಹೂಂಗಾರದಿಂದ ಎಷ್ಟೋ ದೋಣಿಗಳು ಹೊತ್ತಿಗೆ ಸರಿಯಾಗಿ ಹೋದವು ಎಂಬುದನ್ನು ಮಾತ್ರ ಹೇಳಲಿಲ್ಲ, ಹೇಳಬಾರದೆನಿಸಿತು.

ಗುರುಸಿದ್ದವ್ವ ಕೊನೆಗೆ ಕೇಳಿದ್ದು ಇಷ್ಟೇ.

“ಕಥಿ ಎಲ್ಲಿತನಾ ಕೇಳಿದ್ಲು ಆಕಿ?”

ಅನಸೂಯಾ ಅದನ್ನು ದಾಖಲೆಯಲ್ಲಿ ನೋಡಿಕೊಂಡಿದ್ದಳು. “ಕಾಗಿ ಬಂದು ಕುಂತಲ್ಲಿತನಾ ರೀ, ಅತ್ತಿ.”

“ಕಾಗಿ ಮಾತಾಡಿದ್ದು?”

“ಇಲ್ರಿ. ಅದು ಕೇಳಲಿಲ್ಲ ಅವ್ರಿಗೆ.”

ಅತ್ತೆ ತಲೆಯಾಡಿಸಿದಳು. ಆ ದನಿ ಇದೆಯಲ್ಲ, ಹಚ್ಚು ಎಂದಳು. ಅನಸೂಯಾ ಬೇಡ ಎಂದಳು, ಕಾಲು ಹಿಡಿದಳು. ಒಳಗಿನಿಂದ ಬಂದ ಶಿವಯೋಗಿಯೂ ಬೇಡ ಎಂದ. ಗುರುಸಿದ್ದವ್ವ ಇಬ್ಬರ ಮಾತನ್ನೂ ಕೇಳಲಿಲ್ಲ. ನನ್ನ ತಂಗಿ ನನಗೆ ಹೇಳಿದ ಮಾತು ಅದು, ನೀವು ಯಾರು ಇಟ್ಟುಕೊಳ್ಳುವುದಕ್ಕೆ ಎಂದಳು.

ಮನೆಯ ಪಡಸಾಲೆಯಲ್ಲಿ ಕಾಶವ್ವನ ದನಿ ಕೇಳಿತು. ಮೊದಲು ಎರಡು ಹ್ಞೂಂ. ಆಮೇಲೆ ಕಥೆ ನಿಂತದ್ದು ತಿಳಿದು, ಅಕ್ಕಾ ಎಂದು ಕರೆದದ್ದು. ಬಡಗಣ ಗೋಡೆ ಬಿರುಕು ಬಿಟ್ಟಿದೆ, ಶಿವಯೋಗಿಗೆ ಹೇಳು ಎಂದದ್ದು. ನಡುವೆ ಬರೀ ನೀರಿನ ಸದ್ದು, ಆಡುಮರಿಗಳ ಕೂಗು. ಮತ್ತೆ ಅಕ್ಕಾ. ಒಂಬತ್ತನೆಯ ನಿಮಿಷದ ಹೊತ್ತಿಗೆ ಅವಳು ದೋಣಿಯ ಮಾತು ಬಿಟ್ಟಿದ್ದಳು.

“ಅಕ್ಕಾ, ಕೇಳಸಾಕತ್ತೈತಿಲ್ಲೋ? ಕಥಿ ಹೇಳಬ್ಯಾಡ ಬಿಡು. ಬರೇ ಒಂದ ಸಲ ಹ್ಞೂಂ ಅನ್ನು. ಅಷ್ಟ ಸಾಕು ನನಗ.”

ಅದನ್ನು ಅವಳು ನಾಲ್ಕು ಸಲ ಕೇಳಿಕೊಂಡಳು. ಕೊನೆಯ ಆರು ಸೆಕೆಂಡು ಉಳಿದಿರುವಾಗ ಅನಸೂಯಾ ನಿಲ್ಲಿಸಿದಳು. ಇನ್ನು ಗೋಡೆಯ ಸದ್ದೊಂದೇ ಇದೆ ಎಂದು ಹೇಳಿದಳು. ಗುರುಸಿದ್ದವ್ವ ಅದನ್ನು ಕೇಳಲೇಬೇಕೆಂದು ಹಟ ಮಾಡಲಿಲ್ಲ. ಇಪ್ಪತ್ತನಾಲ್ಕು ದಿನದಿಂದ ಬಾರದಿದ್ದ ಅಳು ಆಗ ಬಂತು. ಎದೆಯೊಳಗಿಂದ ಎದ್ದು ಬರುವ ಆ ಅಳುವಿನಲ್ಲಿ ತಾಯಿಯನ್ನು ಮಗ ಹಿಡಿದುಕೊಂಡು ಕೂತ. ಸೊಸೆ ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಮುಖ ತೊಳೆದು ಬಂದು, ಅನಸೂಯಾಳನ್ನು ಕರೆದು ಎದುರಿಗೆ ಕೂಡಿಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅನಸೂಯಾಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ನನ್ನ ಮ್ಯಾಲಿಂದು ನೀ ಇಳಿಸಿದಿವಾ. ಹೇಳದ ಇದ್ರೂ ಯಾರಿಗೂ ತಿಳೀತಿರಲಿಲ್ಲ, ಹೇಳಿದಿ. ಆದ್ರ ನಿನ್ನ ಮ್ಯಾಲಿಂದು ಇಳಸಾಕ ನನಗ ಆಗೂದಿಲ್ಲ. ಕಾಶಿ ಇದ್ದಿದ್ರ ಆಕಿ ಇಳಸ್ತಿದ್ಲು.”

ಅಂದು ಗುರುಸಿದ್ದವ್ವ ಎರಡು ರೊಟ್ಟಿ ತಿಂದಳು.

ಅನಸೂಯಾ ಕೇಂದ್ರಕ್ಕೆ ವರದಿ ಕೊಟ್ಟಳು. ಹೂಂಗಾರವನ್ನು ನಿಲ್ಲಿಸಬೇಕು ಎಂದು ಬರೆದು, ಹೊಳೆಮುಗಳಿಯ ಹನ್ನೊಂದು ನಿಮಿಷವನ್ನು ಮೊದಲ ಪುಟದಲ್ಲೇ ಇಟ್ಟಳು. ಸಮಿತಿಯವರು ಅದನ್ನು ಮನಸ್ಸಿಟ್ಟು ಓದಿದರು, ಅವರೇನೂ ಕಲ್ಲೆದೆಯವರಲ್ಲ. ಆದರೆ ಆ ಗುರುವಾರದ ಲೆಕ್ಕವೂ ಅವರ ಮುಂದಿತ್ತು. ಹೂಂಗಾರ ಇಲ್ಲದಿದ್ದರೆ ದೋಣಿಗಳ ಸಂದೇಶ ನಲವತ್ತು ನಿಮಿಷ ತಡವಾಗುತ್ತಿತ್ತು, ಕಡಿಮೆಯೆಂದರೂ ಮುನ್ನೂರು ಜನ ಉಳಿಯುತ್ತಿರಲಿಲ್ಲ ಎಂದು ಮಾದರಿ ಹೇಳುತ್ತಿತ್ತು. ಶಾಲೆಯ ಮಾಳಿಗೆಯ ಮೇಲಿದ್ದ ಕೂಸುಗಳೂ ಆ ಮುನ್ನೂರರಲ್ಲಿ ಇದ್ದವು. ಇನಾಮದಾರರು ಅವಳನ್ನು ಕರೆದು, ಈ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸು, ಇವತ್ತೇ ನಿಲ್ಲಿಸುತ್ತೇನೆ ಎಂದರು. ಲೆಕ್ಕ ಅವಳದೇ. ಈ ಸಲ ಒಂದು ಕರೆಯನ್ನೂ ಬಿಡದೆ, ಬಾಲವನ್ನೂ ಸೇರಿಸಿಯೇ ಮಾಡಿದ್ದು. ಅವಳು ಒಂದು ವಾರ ಹುಡುಕಿದಳು, ತಪ್ಪು ಸಿಗಲಿಲ್ಲ.

ಕೊನೆಗೆ ಅರ್ಧ ನಿಮಿಷಕ್ಕೊಮ್ಮೆ ಒಂದು ಸಣ್ಣ ಗಂಟೆಯ ಸದ್ದು ಕೇಳಿಸಿ, ಇದು ಯಂತ್ರ ಎಂದು ಎಚ್ಚರಿಸುವ ಹಾಗೆ ಬದಲಾಯಿಸಿ, ಹೂಂಗಾರವನ್ನು ಇನ್ನೂ ಆರು ಜಿಲ್ಲೆಗಳಿಗೆ ಹಾಕಿದರು. ಬದಲಾವಣೆಯ ಕೆಲಸವನ್ನು ಅನಸೂಯಾಳೇ ಮಾಡಿದಳು. ಬೇರೆಯವರ ಕೈಗೆ ಬಿಡಲು ಅವಳಿಗೆ ಅಂಜಿಕೆ.

ಮನೆಯಲ್ಲಿ ಮೇಲುನೋಟಕ್ಕೆ ಎಲ್ಲ ಮೊದಲಿನಂತಾಯಿತು. ಅತ್ತೆ ಉಣ್ಣುತ್ತಿದ್ದಳು, ಬಂದವರ ಜೊತೆ ಮಾತಾಡುತ್ತಿದ್ದಳು, ಸೊಸೆಗೆ ಒಂದು ಕಟುನುಡಿಯನ್ನೂ ಆಡಲಿಲ್ಲ. ಒಂದು ಅಭ್ಯಾಸ ಮಾತ್ರ ಹೊಸದಾಗಿ ಬಂದಿತ್ತು. ಯಾರಾದರೂ ಬೇರೆ ಕೋಣೆಯಿಂದ ಕೂಗಿ ಏನಾದರೂ ಕೇಳಿದರೆ ಅವಳು ಕೂತಲ್ಲಿಂದ ಉತ್ತರ ಕೊಡುತ್ತಿರಲಿಲ್ಲ. ಮಗ ಕರೆದರೂ ಅಷ್ಟೇ, ಬಾಗಿಲಿಗೆ ಬಂದ ತರಕಾರಿಯವಳು ಕರೆದರೂ ಅಷ್ಟೇ. ಕೀಲುನೋವಿನ ಕಾಲನ್ನು ಎಳೆದುಕೊಂಡು, ಗೋಡೆ ಹಿಡಿಯುತ್ತ ಬಂದು, ಕರೆದವರ ಮುಖ ಕಾಣುವ ಹಾಗೆ ನಿಂತ ಮೇಲೆಯೇ ಬಾಯಿ ತೆರೆಯುತ್ತಿದ್ದಳು. ಮನೆಯವರು ಇದನ್ನು ಅರಿತು, ಏನು ಬೇಕಿದ್ದರೂ ತಾವೇ ಅವಳ ಬಳಿ ಹೋಗಿ ಕೇಳುವುದನ್ನು ರೂಢಿ ಮಾಡಿಕೊಂಡರು.

ಒಂದು ದಿನ ಬೆಳಿಗ್ಗೆ ಕೇಂದ್ರಕ್ಕೆ ಹೊರಡುವ ಅವಸರದಲ್ಲಿ ಅನಸೂಯಾ ಮರೆತಳು. ಒಲೆಯ ಮುಂದೆ ನಿಂತು, ಪಲ್ಯಕ್ಕೆ ಬೆಲ್ಲ ಹಾಕಲೇನ್ರಿ ಅತ್ತಿ ಎಂದು ಕೂಗಿ ಕೇಳಿಬಿಟ್ಟಳು. ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಬೇಡ, ನಾನೇ ಬರುತ್ತೇನೆ ಎಂದು ಅವಳು ಹೇಳುವಷ್ಟರಲ್ಲಿ ಹೆಜ್ಜೆಯ ಸದ್ದು ಪಡಸಾಲೆಗೆ ಬಂದಿತ್ತು. ಒಂದು ಹೆಜ್ಜೆ, ಆಮೇಲೆ ಗೋಡೆಗೆ ಕೈ ಊರಿದ ಸದ್ದು, ಮತ್ತೆ ಒಂದು ಹೆಜ್ಜೆ. ಹನ್ನೆರಡು ಹೆಜ್ಜೆಯ ದಾರಿಗೆ ಬಹಳ ಹೊತ್ತು ಹಿಡಿಯಿತು. ಗುರುಸಿದ್ದವ್ವ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತು, ಏದುಸಿರು ಇಳಿಯುವತನಕ ಕಾದು, ಸೊಸೆಯ ಮುಖವನ್ನು ನೋಡಿದಳು.

“ಬಂದೀನಿ,” ಎಂದಳು. “ಕೇಳಸ್ತು ನನಗ.”